ಚಿಕ್ಕಮ್ಮನಿಗೆ ಸನ್ಮಾನ

"ಟೀಚರ್, ಎಲ್ಲ ಸರಿ. ಇದ್ರಲ್ಲಿ ವಿಲನ್ ಎಲ್ಲಿ?" ಎಂದು ಸಂಘದ ಅಧ್ಯಕ್ಷರು ಕೇಳಿದರು.

ಇಲ್ಲಿ ಗಲ್ಫಿನಲ್ಲಿ, ಫಹಾಹೀಲಿನ ಹೋಟೆಲೊಂದರ ಮಹಡಿಯಲ್ಲಿ ಕನ್ನಡ ಸಂಘದ ಸಮಿತಿಯವರೆಲ್ಲ ಕೂತಿದ್ದರು. ನಾನು ಆಗ ತಾನೇ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದೆ. ಗಂಟಲು ಒಣಗಿತ್ತು. ನೀರು ಕುಡಿದು, "ಚಿಕ್ಕಮ್ಮ ಇದ್ದಾಳಲ್ಲ ಸರ್" ಎಂದೆ. "ಚಿಕ್ಕಮ್ಮ ಒಳ್ಳೆಯವಳಲ್ವಾ ಮಾರಾಯ್ರೆ?" ಎಂದರು. ಸುತ್ತ ಕೂತವರೂ ಹೌದು ಹೌದು ಎಂದು ತಲೆಯಾಡಿಸಿದರು. ನಾನು ಹೆಂಗಸೊಬ್ಬಳು ಹುಡುಗಿಯರನ್ನು ಮಾರುವ ಕಥೆ ಓದಿದ್ದೆ, ಅವರಿಗೆ ಆ ಹೆಂಗಸು ಒಳ್ಳೆಯವಳಾಗಿ ಕಂಡಿದ್ದಳು. ಬರವಣಿಗೆ ಸರಿಯಾಗಿದೆ ಎಂದು ಒಳಗೇ ಸಂತೋಷಪಟ್ಟೆ. ಆ ಸಂತೋಷಕ್ಕೆ ಆಯುಸ್ಸು ಕಡಿಮೆ ಇತ್ತು.

ನಾನು ಮೈಸೂರಿನ ಕಡೆಯವಳು, ಇಲ್ಲಿನ ಇಂಡಿಯನ್ ಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಸಂಘದ ವಾರ್ಷಿಕೋತ್ಸವದ ನಾಟಕ ಬರೆದು ಆಡಿಸುವ ಕೆಲಸ ಬೇರೆ ಯಾರೂ ಒಪ್ಪದ ವರ್ಷ ನನ್ನ ತಲೆಗೆ ಬರುತ್ತದೆ. ಹಾಗೆ ಬಂದ ವರ್ಷ ಪಶ್ಚಿಮ ಆಫ್ರಿಕಾದ ಲೇಖಕಿಯೊಬ್ಬರ ಕಾದಂಬರಿಯನ್ನು ಹಿಡಿದುಕೊಂಡೆ. ಕೆಲಸದ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಯುರೋಪಿಗೆ ಸಾಗಿಸಿ ಮೈ ಮಾರುವ ದಂಧೆಗೆ ನೂಕುವವರ ಕಥೆಗಳು ಅಲ್ಲಿನ ಸಾಹಿತ್ಯದಲ್ಲಿ ಸಾಕಷ್ಟಿವೆ. ನಾನು ಓದಿದ ಕೆಲವುಗಳಲ್ಲಿ ಹೊಟ್ಟೆ ಮುಂದೆ ಬಿಟ್ಟುಕೊಂಡು, ಕೈಗೊಂದು ಫೋನ್ ಹಿಡಿದು ಗಹಗಹಿಸುವ ಗಂಡಸು ಬರುತ್ತಾನೆ. ಅವನು ನಮ್ಮ ಕಂಪನಿ ನಾಟಕದ ಖಳನಿಗೆ ಅಣ್ಣನೋ ತಮ್ಮನೋ ಆಗಬೇಕು. ಇನ್ನು ಕೆಲವುಗಳಲ್ಲಿ, ತಾನೂ ಒಂದು ಕಾಲಕ್ಕೆ ಅದೇ ಬೀದಿಯಲ್ಲಿ ನಿಂತಿದ್ದು ಈಗ ಬೇರೆ ಹುಡುಗಿಯರನ್ನು ನಿಲ್ಲಿಸುವ ಹೆಂಗಸು ಬರುತ್ತಾಳೆ. ಅವಳನ್ನು ಪೂರ್ತಿ ದ್ವೇಷಿಸಲು ಮನಸ್ಸು ಬರುವುದಿಲ್ಲ.

ನಾನು ಆರಿಸಿದ ಕಾದಂಬರಿಯವಳು ಇವರಿಬ್ಬರಂತಲ್ಲ. ಊರಿನವಳೇ, ಎಲ್ಲರ ಬಾಯಲ್ಲೂ ಚಿಕ್ಕಮ್ಮ. ಹೋಗುವ ದೇಶದಲ್ಲಿ ಚಳಿ ಎಂದು ಹುಡುಗಿಗೆ ಉಣ್ಣೆಯ ಕಾಲುಚೀಲ ತಂದುಕೊಡುತ್ತಾಳೆ, ತಲೆ ಬಾಚುತ್ತಾಳೆ, ಊಟ ಆಯಿತೇ ಎಂದು ವಿಚಾರಿಸುತ್ತಾಳೆ. ಇಡೀ ಪುಸ್ತಕದಲ್ಲಿ ಒಮ್ಮೆಯೂ ದನಿ ಎತ್ತುವುದಿಲ್ಲ. ಕೊನೆಗೆ ಊರು ಅವಳನ್ನು ಕರೆಸಿ ಗೌರವಿಸುತ್ತದೆ. ಮಾರಿಹೋದ ಹುಡುಗಿಯ ತಾಯಿಯೇ ಅವಳ ಕೊರಳಿಗೆ ಹವಳದ ಸರ ಹಾಕುವಾಗ, ತಪ್ಪಿಸಿಕೊಂಡು ಬಂದ ಹುಡುಗಿ ಜನರ ನಡುವೆ ಎದ್ದು ನಿಲ್ಲುತ್ತಾಳೆ. ಹವಳದ ಸರದ ಜಾಗದಲ್ಲಿ ನಾನು ನಮ್ಮ ಸನ್ಮಾನವನ್ನು ಇಟ್ಟೆ: ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಗಲ್ಫಿನ ಕನ್ನಡಿಗರಿಗೆ ಸನ್ಮಾನ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ನಾಟಕದ ನಡುವೆ ಸನ್ಮಾನವೋ ಸನ್ಮಾನಗಳ ನಡುವೆ ನಾಟಕವೋ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಸಮಿತಿಯ ತಕರಾರು ಎರಡು. ಮಕ್ಕಳು ಮರಿ ಕೂತು ನೋಡುವ ನಾಟಕ, ಆದ್ದರಿಂದ ಹುಡುಗಿಯನ್ನು ಮನೆಗೆಲಸಕ್ಕೆ ಮಾರಿದರು ಎಂದು ಬದಲಾಯಿಸಬೇಕು. ಎರಡನೆಯದು, ವಿಲನ್ ಬೇಕು. ಮೊದಲನೆಯದಕ್ಕೆ ನಾನು ಜಗ್ಗಲಿಲ್ಲ. ಕೊನೆಗೆ, ವೇದಿಕೆಯ ಮೇಲೆ ಏನನ್ನೂ ತೋರಿಸುವುದಿಲ್ಲ, ಹುಡುಗಿ ಕೊನೆಯಲ್ಲಿ ಬಾಯಿಬಿಟ್ಟು ಹೇಳುವ ಮಾತು ಮಾತ್ರ ಇರುತ್ತದೆ ಎಂದು ಒಪ್ಪಂದವಾಯಿತು. ಎರಡನೆಯದಕ್ಕೆ, ಚಿಕ್ಕಮ್ಮನನ್ನು ಚಿಕ್ಕಪ್ಪನನ್ನಾಗಿ ಮಾಡಿ ಸಂಘದ ಖಾಯಂ ವಿಲನ್‌ಗೆ ಕೊಡಿ ಎಂದರು. ಆತ ರಿಫೈನರಿಯಲ್ಲಿ ಆಪರೇಟರ್, ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ಸಾಧು ಮನುಷ್ಯ. ಓದಿಸಿ ನೋಡೋಣ ಎಂದೆ. ಮೊದಲ ಮಾತಿಗೆ ಮುಂಚೆಯೇ ತಮ್ಮ ಪ್ರಸಿದ್ಧ ನಗೆ ನಕ್ಕರು. ಹೋಟೆಲಿನ ಗಾಜು ಅದುರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಗದೇ ಓದಿ ಎಂದು ಕೇಳಿಕೊಂಡೆ. ಪ್ರಯತ್ನಪಟ್ಟರು, ಆಗಲಿಲ್ಲ.

"ನಗೆ ಇಲ್ಲದಿದ್ರೆ ನಾನು ಎಂತ ಮಾಡ್ಲಿಕ್ಕುಂಟು ಟೀಚರ್? ಜನಕ್ಕೆ ನಾನು ಕೆಟ್ಟವ ಅಂತ ಗೊತ್ತಾಗುದು ಹೇಗೆ?" ಎಂದರು.

ಗೊತ್ತಾಗಬಾರದು ಎನ್ನುವುದೇ ನಾಟಕ. ಅವರನ್ನು ಪಾಸ್‌ಪೋರ್ಟ್ ಏಜೆಂಟನ ಸಣ್ಣ ಪಾತ್ರಕ್ಕೆ ಹಾಕಿ, ನಗಲು ಅನುಮತಿ ಕೊಟ್ಟೆ.

ಚಿಕ್ಕಮ್ಮನ ಪಾತ್ರಕ್ಕೆ ನನ್ನ ಮನಸ್ಸಿನಲ್ಲಿದ್ದದ್ದು ಪಕ್ಕದ ಮಂಗಫ್‌ನ ಅಕ್ಕ. ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ತಮ್ಮ ಫ್ಲಾಟಿನಲ್ಲಿ ನೋಡಿಕೊಳ್ಳುತ್ತಾರೆ. ನನ್ನ ಮಗ ನಡೆಯಲು ಕಲಿತದ್ದೂ ಅವರ ಹಾಲ್‌ನಲ್ಲೇ. ಹಿಂದೆ ನಾಟಕಗಳಲ್ಲಿ ನೆರೆಮನೆಯವಳ ಪಾತ್ರ ಮಾಡಿದ್ದರು. ನಾಟಕವೆಂದರೆ ಅವರಿಗೆ ಪ್ರಾಣ. ಕಥೆ ಕೇಳಿ ಕಣ್ಣು ಅರಳಿತು, ಆಮೇಲೆ ಮುಖ ಸಪ್ಪಗಾಯಿತು.

"ಆಗ್ಲಿಕ್ಕಿಲ್ಲ ಟೀಚರ್. ಮಗಳದ್ದು ಮಾತು ನಡೀತಾ ಉಂಟಲ್ಲ. ಹುಡುಗನ ಅಮ್ಮ ಮುಂದಿನ ಸಾಲಲ್ಲೇ ಕೂತ್ಕೊಳ್ಳುದು. ಹುಡುಗಿಯರನ್ನು ಮಾರುವವಳ ಪಾರ್ಟ್ ನಾನು ಮಾಡಿದ್ರೆ ಅವ್ರು ಎಂತ ಅಂದ್ಕೊಳ್ತಾರೆ?"

ಹುಡುಗನ ಮನೆಯವರು ಹವಲ್ಲಿಯಲ್ಲಿದ್ದರು. ಹುಡುಗನ ತಾಯಿ ಸಂಘದ ಮಹಿಳಾ ವಿಭಾಗದಲ್ಲಿ ಪದಾಧಿಕಾರಿ, ನೇರ ಮಾತಿನವರು. ಹುಡುಗ ಹುಡುಗಿ ಒಪ್ಪಿಕೊಂಡಿದ್ದರು, ನಿಶ್ಚಿತಾರ್ಥದ ದಿನ ಗೊತ್ತುಮಾಡುವುದಷ್ಟೇ ಬಾಕಿ. ಇಂಥ ಹೊತ್ತಿನಲ್ಲಿ ಒತ್ತಾಯ ಮಾಡುವುದು ತಪ್ಪು ಎಂದು ನಾನು ಎದ್ದು ಬಂದೆ. ಮರುದಿನ ಅಕ್ಕನೇ ಫೋನ್ ಮಾಡಿದರು. ನಿದ್ದೆ ಬರಲಿಲ್ಲವಂತೆ, ಮಾಡುತ್ತೇನೆ, ಆದರೆ ಒಂದು ಷರತ್ತು ಎಂದರು. "ನೋಡಿದ ಕೂಡ್ಲೇ ಇದು ವೇಷ ಅಂತ ಗೊತ್ತಾಗ್ಬೇಕು. ಇವಳು ನಮ್ಮ ಅಕ್ಕ ಅಲ್ಲ, ಯಾರೋ ರಾಕ್ಷಸಿ ಅಂತ ಆಗ್ಬೇಕು." ಕಪ್ಪು ಕನ್ನಡಕ, ಕೆಂಪು ಸೀರೆ, ಟೋಪನ್ ಕೂದಲು, ಬಂಗಾರದ ಹಲ್ಲು. ನಾನು ಹೂಂ ಎಂದೆ. ಸಮಿತಿಗೆ ವಿಲನ್ ಸಿಕ್ಕಿತು, ಅಕ್ಕನ ಮಗಳ ಸಂಬಂಧಕ್ಕೆ ರಕ್ಷಣೆ ಸಿಕ್ಕಿತು, ನನಗೆ ಪಾತ್ರಧಾರಿ ಸಿಕ್ಕರು. ನಾಟಕ ಮಾತ್ರ ಕೈಬಿಟ್ಟುಹೋಯಿತೆಂದು ನನಗೆ ಗೊತ್ತಿತ್ತು.

ಮಂಗಫ್‌ನ ಹಳೇ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ತಾಲೀಮು. ಶಿಫ್ಟ್ ಮುಗಿಸಿದವರು ಕಂಪನಿ ಬಸ್ಸಿನಿಂದ ಇಳಿದು ಬೂಟು ಸಮೇತ ಬರುತ್ತಿದ್ದರು. ಒಬ್ಬರಿದ್ದರೆ ಇನ್ನೊಬ್ಬರಿಲ್ಲ. ಇಲ್ಲದವರ ಮಾತನ್ನೆಲ್ಲ ನಾನೇ ಹೇಳಿ ಹೇಳಿ, ಬೆಳಿಗ್ಗೆ ಕ್ಲಾಸಿನಲ್ಲಿ ದನಿಯೇ ಬರುತ್ತಿರಲಿಲ್ಲ. ಎ.ಸಿ. ಹಾಕಿದರೆ ಮಾತು ಕೇಳಿಸದು, ಹಾಕದಿದ್ದರೆ ಉಸಿರು ಕಟ್ಟುವುದು. ಕಟ್ಟಡ ಕಾಯುವ ಹಾರಿಸ್ ಬಾಗಿಲಲ್ಲಿ ನಿಂತು "ಖಲಾಸ್, ಖಲಾಸ್" ಎನ್ನುವವರೆಗೆ ತಾಲೀಮು ನಡೆಯುತ್ತಿತ್ತು.

ಒಂದು ಸಂಜೆ ಮೇಕಪ್ಪಿನವರು ದೊಡ್ಡ ಡಬ್ಬಿಯೊಂದನ್ನು ತೆರೆದು ಕಪ್ಪು ಬಣ್ಣ ಕಲಸತೊಡಗಿದರು. ಇದು ಯಾರಿಗೆ ಎಂದೆ.

"ಆಫ್ರಿಕಾದ ಕಥೆ ಅಲ್ವಾ ಟೀಚರ್? ಎಲ್ಲರಿಗೂ ಹಚ್ಚುವ."

ನನಗೆ ಮೈಯೆಲ್ಲ ಉರಿಯಿತು. ಡಬ್ಬಿ ಮುಚ್ಚಿ, ಯಾರ ಬಣ್ಣವೂ ಬದಲಾಗುವುದಿಲ್ಲ, ಎಲ್ಲರೂ ಅವರವರ ಮುಖದಲ್ಲೇ ಬರುತ್ತಾರೆ ಎಂದು ಎಲ್ಲರ ಮುಂದೆ ಕೂಗಿದೆ. ಅವರಿಗೆ ಬೇಸರವಾಗಿ ಎರಡು ಸಂಜೆ ಬರಲೇ ಇಲ್ಲ. ಹೋಗಿ ಸಮಾಧಾನ ಮಾಡಿ ಕರೆತರುವ ಕೆಲಸವೂ ನನ್ನದೇ. ದಾರಿಯಲ್ಲಿ ಯೋಚಿಸಿದರೆ, ಕಪ್ಪು ಬಣ್ಣಕ್ಕೂ ಅಕ್ಕನ ಕಪ್ಪು ಕನ್ನಡಕಕ್ಕೂ ಏನು ಭೇದ? ಇದು ನಮ್ಮ ಕಥೆಯಲ್ಲ ಎಂದು ಸಾರಲಿಕ್ಕೆ ಅವರಿಗೆ ಡಬ್ಬಿ ಬೇಕಿತ್ತು, ನಮಗೆ ಕನ್ನಡಕ ಬೇಕಿತ್ತು. ಮೇಕಪ್ಪಿನವರ ಮೇಲೆ ಕೂಗಿದ ಬಾಯಿ ಕನ್ನಡಕದ ವಿಷಯಕ್ಕೆ ಮಾತ್ರ ಮುಚ್ಚಿತ್ತು, ಯಾಕೆಂದರೆ ಅಲ್ಲಿ ಒಬ್ಬ ಹುಡುಗಿಯ ಮದುವೆ ಇತ್ತು.

ಗಂಟು ಬಿಚ್ಚಿದ್ದು ತಾಯಿಯ ದೃಶ್ಯದಲ್ಲಿ. ತಾಯಿ ತನ್ನ ಮಗಳನ್ನು ಚಿಕ್ಕಮ್ಮನ ಕೈಗೆ ಒಪ್ಪಿಸಿ ಕಳಿಸುವ ದೃಶ್ಯ ಅದು. ಮಗಳಾಗಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಯುವತಿ, ತಾಯಿಯಾಗಿ ಆಸ್ಪತ್ರೆಯ ನರ್ಸ್ ಒಬ್ಬರು. ಎಷ್ಟು ಸಲ ಮಾಡಿಸಿದರೂ ನರ್ಸ್ ಮಗಳ ಕೈ ಬಿಡುವಾಗ ತಡವರಿಸುತ್ತಿದ್ದರು. ನಿಲ್ಲುವ ಜಾಗ ಬದಲಾಯಿಸಿದೆ, ಮಾತು ಕತ್ತರಿಸಿದೆ, ಸೂಟ್‌ಕೇಸನ್ನು ಮೊದಲು ಕೊಡಿಸಿ ನೋಡಿದೆ. ದೃಶ್ಯ ಜೀವ ಹಿಡಿಯಲೇ ಇಲ್ಲ. ಕೊನೆಗೆ ನರ್ಸ್ ಸಿಟ್ಟಿನಿಂದ ಕುರ್ಚಿಯ ಮೇಲೆ ಕೂತುಬಿಟ್ಟರು.

"ಈ ಕನ್ನಡಕ, ಈ ಹಲ್ಲು ನೋಡಿ ಯಾವ ತಾಯಿ ಮಗಳನ್ನು ಕೊಡ್ತಾಳೆ ಟೀಚರ್? ಕೊಟ್ರೆ ನಾನು ಹುಚ್ಚಿ, ಇಲ್ಲದಿದ್ರೆ ದುಡ್ಡಿನ ಆಸೆಯವಳು. ಎರಡ್ರಲ್ಲಿ ಎಂತ ಅಂತ ಹೇಳಿ, ಹಾಗೇ ಮಾಡ್ತೇನೆ."

ಅಕ್ಕ ಕನ್ನಡಕವನ್ನು ಹಣೆಯ ಮೇಲೆ ಏರಿಸಿ ನಿಂತಿದ್ದರು. "ಹಾಗಾದ್ರೆ ತಪ್ಪೆಲ್ಲ ತಾಯಿದೇ ಅಂತ ಆಗ್ತದಲ್ಲ" ಎಂದರು. ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗಿತ್ತು. ಟೋಪನ್ ತೆಗೆದರು. ಬಂಗಾರದ ಕಾಗದ ಅಂಟಿಸಿದ್ದ ಹಲ್ಲನ್ನು ಬೆರಳಿನಿಂದ ಉಜ್ಜಿದರು. "ಇನ್ನೊಮ್ಮೆ ಮಾಡುವ ಟೀಚರ್."

"ಅಕ್ಕ, ಹುಡುಗನ ಅಮ್ಮ..." ಎಂದೆ.

"ಗೊತ್ತುಂಟು. ಮಾಡುವ."

ಆ ಸಲ ಅವರು ಹುಡುಗಿಯನ್ನು ತೆಗೆದುಕೊಂಡದ್ದು ಬೆಳಿಗ್ಗೆ ಬೆಳಿಗ್ಗೆ ತಮ್ಮ ಮನೆ ಬಾಗಿಲಲ್ಲಿ ಮಕ್ಕಳನ್ನು ತೆಗೆದುಕೊಳ್ಳುವ ರೀತಿಯಲ್ಲೇ. ಮೊದಲು ಚೀಲ, ಆಮೇಲೆ ಕೈ. ಮಾತು ತಾಯಿಯ ಜೊತೆಯಲ್ಲ, ಮಗುವಿನ ಜೊತೆ. ಮಾತಾಡುತ್ತಲೇ ಮೈಯನ್ನು ಸ್ವಲ್ಪ ತಿರುಗಿಸಿ, ತಾಯಿ ಹೋಗುವುದು ಮಗುವಿಗೆ ಕಾಣದ ಹಾಗೆ ಅಡ್ಡ ನಿಂತರು. ಇದೊಂದನ್ನೂ ನಾನು ಬರೆದಿರಲಿಲ್ಲ. ನರ್ಸ್ ಕೈ ತನ್ನಷ್ಟಕ್ಕೇ ಸಡಿಲವಾಯಿತು. ಬಾಗಿಲಲ್ಲಿದ್ದ ಹಾರಿಸ್ ಕೂಡ ಖಲಾಸ್ ಎನ್ನಲು ಮರೆತ. ನನಗೆ ಹೆದರಿಕೆಯಾಯಿತು. ಇದೇ ಕೈಗೆ ನಾನೂ ಮಗನನ್ನು ಕೊಟ್ಟು ಹೋಗುತ್ತಿದ್ದೆನಲ್ಲ, ಅದು ಒಳ್ಳೆಯ ಕೈ ಆಗಿದ್ದದ್ದು ನನ್ನ ಜಾಣತನದಿಂದಲ್ಲ ಎನ್ನಿಸಿತು.

ಸಮಿತಿಯವರಿಗೆ ವೇಷ ಬದಲಾದದ್ದನ್ನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಮೀಟಿಂಗ್ ಆಗುತ್ತಿತ್ತು, ಅದಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ.

ಪ್ರದರ್ಶನ ಶುಕ್ರವಾರ, ಶಾಲೆಯೊಂದರ ಸಭಾಂಗಣದಲ್ಲಿ. ಅಕ್ಕ ತಮ್ಮದೇ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಸನ್ಮಾನದ ದೃಶ್ಯಕ್ಕೆ ಎಲ್ಲ ಅಸಲಿಯೇ ಇರಲಿ ಎಂದು ನಿಜವಾದ ಶಾಲು, ನಿಜವಾದ ಹಣ್ಣಿನ ಬುಟ್ಟಿ ತರಿಸಿದ್ದೆ. ಅದಕ್ಕೂ ಮುಂದೆ ಹೋಗಿ, ಆ ದೃಶ್ಯದ ನಿರೂಪಕನ ಪಾತ್ರವನ್ನು ಸಂಘದ ನಿಜವಾದ ನಿರೂಪಕರಿಗೇ ಕೊಟ್ಟಿದ್ದೆ. ಎಲ್ಲ ಕಾರ್ಯಕ್ರಮಗಳಲ್ಲೂ ಮೈಕ್ ಹಿಡಿಯುವವರು ಅವರೇ. ಬರೆದದ್ದನ್ನು ಮಾತ್ರ ಓದಿ ಎಂದು ನೂರು ಸಲ ಹೇಳಿದ್ದೆ.

ನಾಟಕ ಚೆನ್ನಾಗಿಯೇ ಸಾಗಿತು. ತಾಯಿ ಮಗಳನ್ನು ಕೊಟ್ಟಳು. ಹುಡುಗಿಯಿಂದ ಬರುವ ಫೋನ್ ಕರೆಗಳಲ್ಲಿ ಚೆನ್ನಾಗಿದ್ದೇನೆ ಎನ್ನುವ ಮಾತೊಂದೇ. ಆಮೇಲೆ ಸನ್ಮಾನ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದರು. ನಿರೂಪಕರು "ನೂರಾರು ಹೆಣ್ಣುಮಕ್ಕಳ ಬಾಳಿಗೆ ಬೆಳಕಾದ" ಎಂದು ನಾನು ಬರೆದದ್ದನ್ನು ಓದಿದರು. ತಟ್ಟೆಯಲ್ಲಿ ಶಾಲು ಬಂತು. ಕೈಯಲ್ಲಿ ಮೈಕ್, ಎದುರಿಗೆ ಶಾಲು, ತುಂಬಿದ ಸಭೆ. ಅಭ್ಯಾಸಬಲ ನೋಡಿ, ಅವರ ನಾಲಗೆ ತನ್ನ ದಾರಿ ಹಿಡಿಯಿತು.

"ಈ ಶುಭ ಸಂದರ್ಭದಲ್ಲಿ ಮಾನ್ಯ ಅಧ್ಯಕ್ಷರು, ಮಾಜಿ ಅಧ್ಯಕ್ಷರುಗಳು, ಮಹಿಳಾ ವಿಭಾಗದ ಪದಾಧಿಕಾರಿಗಳು ದಯವಿಟ್ಟು ವೇದಿಕೆಗೆ ಆಗಮಿಸಬೇಕಾಗಿ ಸವಿನಯ ವಿನಂತಿ."

ಪರದೆಯ ಬದಿಯಲ್ಲಿ ನಿಂತು ನಾನು ತಲೆಯ ಮೇಲೆ ಕೈ ಹೊತ್ತೆ. ಮುಂದಿನ ಸಾಲಿನವರು ಎದ್ದರು. ಕರೆದಾಗ ಏಳದಿರುವುದು ಅವರ ಜಾಯಮಾನದಲ್ಲೇ ಇಲ್ಲ. ಸಭೆಯಲ್ಲಿದ್ದ ಅರ್ಧ ಮನೆಗಳ ಮಕ್ಕಳು ಅಕ್ಕನ ಮನೆಯಲ್ಲಿ ಬೆಳೆದವರು. ಸಂಘದವರು ನಾಟಕದ ನಡುವೆ ಅಕ್ಕನಿಗೆ ಗುಟ್ಟಾಗಿ ಸನ್ಮಾನ ಇಟ್ಟಿದ್ದಾರೆ ಎಂದೇ ಜನ ತಿಳಿದರು. ಚಪ್ಪಾಳೆ ಶುರುವಾಯಿತು, ಆಮೇಲೆ ಜನ ಎದ್ದೇ ನಿಂತರು. ಅಧ್ಯಕ್ಷರು ಪೇಟ ತೊಡಿಸಿದರು. ಮಾಜಿಗಳು ಹಾರ ಹಾಕಿ, ಬುಟ್ಟಿಯ ಅಂಚು ಹಿಡಿದು ಫೋಟೋಗೆ ನಿಂತರು. ತಾಯಿಯ ಪಾತ್ರದ ನರ್ಸ್‌ಗೆ ಹಿಂದೆ ಎಲ್ಲೋ ಜಾಗ ಸಿಕ್ಕಿತು. ಆಕೆ ಹೊದಿಸಬೇಕಿದ್ದ ಶಾಲನ್ನು ಹುಡುಗನ ತಾಯಿ ಸಂಭ್ರಮದಿಂದ ಎತ್ತಿಕೊಂಡು, ನಾಳಿನ ಸಂಬಂಧದ ಹೆಮ್ಮೆಯಿಂದ ಅಕ್ಕನಿಗೆ ಹೊದಿಸಿದರು.

ಅಕ್ಕ ನನ್ನ ಕಡೆ ನೋಡಿದರು. ಪರದೆ ಎಳೆಸಲೇ ಎಂದು ನಾನು ಸನ್ನೆಯಲ್ಲಿ ಕೇಳಿದೆ. ಎಳೆಸಿದ್ದರೆ ಅದು ನಿಜವಾದ ಸನ್ಮಾನವಾಗಿಯೇ ಮುಗಿಯುತ್ತಿತ್ತು, ಅವರ ಮಗಳ ಸಂಬಂಧವೂ ಭದ್ರವಾಗುತ್ತಿತ್ತು. ಅಕ್ಕ ತಲೆಯನ್ನು ಸಣ್ಣಗೆ ಅಡ್ಡ ಆಡಿಸಿದರು. ಆಮೇಲೆ ಚಿಕ್ಕಮ್ಮನ ನಗೆ ನಕ್ಕು, ಎಲ್ಲರಿಗೂ ಕೈಮುಗಿದರು.

ಅಷ್ಟು ಹೊತ್ತಿಗೆ ಸಭಾಂಗಣದ ಹಿಂಬಾಗಿಲಿನಿಂದ ಹುಡುಗಿ ಬಂದಳು. ಅವಳಿಗೆ ಹೇಳಿಕೊಟ್ಟದ್ದೇ ಹಾಗೆ, ಜನರ ನಡುವಿನಿಂದ ನಡೆದು ಬರಬೇಕು. ಕಾಲರ್ ಮೈಕಿನಲ್ಲಿ ಅವಳ ಏದುಸಿರು ಮೊದಲು ಕೇಳಿಸಿತು.

"ಚಿಕ್ಕಮ್ಮಾ, ನನ್ನನ್ನು ಮಾರಿದ್ದು ಇವರಿಗೆ ಹೇಳಿದಿರಾ? ಒಬ್ಬ ಗಂಡಸು ಎದ್ದುಹೋದರೆ ಇನ್ನೊಬ್ಬ ಬರುತ್ತಿದ್ದ ಆ ಕೋಣೆಯ ವಿಷಯ ಹೇಳಿದಿರಾ?"

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಮುಂದಿನ ಮಾತು ತಾಯಿಗೆ ಹೇಳಬೇಕಾದದ್ದು. ತಾಯಿ ಎಲ್ಲೂ ಕಾಣಲಿಲ್ಲ. ಹುಡುಗಿ ಶಾಲು ಹಿಡಿದಿದ್ದ ಕೈಯನ್ನು ನೋಡಿ ಆ ಮಾತು ಹೇಳಿಬಿಟ್ಟಳು: "ಅಮ್ಮಾ, ಇವಳಿಗೆ ಶಾಲು ಹೊದಿಸಿದ್ದು ನೀನಾ?" ಹುಡುಗನ ತಾಯಿ ಶಾಲಿನ ಸೆರಗು ಬಿಡಲೂ ಆಗದೆ ಹಿಡಿಯಲೂ ಆಗದೆ ನಿಂತರು. ಅಧ್ಯಕ್ಷರ ಕೈಯಲ್ಲಿ ಹಣ್ಣಿನ ಬುಟ್ಟಿ ಹಾಗೇ ಇತ್ತು. ಇಳಿದು ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಕ್ಕ ಎದ್ದು, ಶಾಲು ಸರಿಮಾಡಿಕೊಂಡು, ನಾಟಕದ ಕೊನೆಯ ಮಾತನ್ನು ಬಹಳ ಮೃದುವಾಗಿ ಹೇಳಿದರು.

"ಊಟ ಆಯ್ತಾ ಮಗಳೇ?"

ಪರದೆ ಬಿತ್ತು. ಒಳಗೆ ಅಕ್ಕ ಕುರ್ಚಿಯಲ್ಲಿ ಕುಸಿದು, "ಮಗಳದ್ದು ಮುಗೀತು ಟೀಚರ್" ಎಂದು ಅತ್ತರು. ನಾನು ಪಕ್ಕದಲ್ಲಿ ಕೂತೆ. ಪಾತ್ರ ಗೆದ್ದಿತ್ತು, ಆದರೆ ಆ ಗೆಲುವನ್ನು ತೆಗೆದುಕೊಂಡು ನಾವಿಬ್ಬರೂ ಏನು ಮಾಡಬೇಕಿತ್ತು?

ಹುಡುಗನ ಮನೆಯಿಂದ ಕೆಲವು ದಿನ ಫೋನ್ ಇಲ್ಲ. ಬಂದಾಗ ಬಂದದ್ದು ಮದುವೆಯ ವಿಷಯವಲ್ಲ. ವಾರ್ಷಿಕೋತ್ಸವದ ವಿಡಿಯೋ ಊರಿಗೆಲ್ಲ ಹೋಗುತ್ತದಲ್ಲ, ತಾವು ಶಾಲು ಹೊದಿಸುವ ಭಾಗವನ್ನು ತೆಗೆಸಬೇಕಂತೆ. ಅಕ್ಕ ನನಗೆ ತಿಳಿಸುವ ಹೊತ್ತಿಗೆ ಅಧ್ಯಕ್ಷರದ್ದೂ ಬಂದಿತ್ತು. "ನಾಟಕ ಫಸ್ಟ್ ಕ್ಲಾಸ್ ಟೀಚರ್, ಎರಡು ಮಾತಿಲ್ಲ. ನನ್ನದೊಂದು ಸ್ವಲ್ಪ ನೋಡಿ." ಆಮೇಲೆ ಮಾಜಿಗಳು ಒಬ್ಬೊಬ್ಬರಾಗಿ. ಅಷ್ಟು ಹೆದರಿಕೆ ಯಾಕೆ ಎಂದು ಕೇಳಲು ನನಗೂ ಸುಸ್ತಾಗಿತ್ತು.

ದೃಶ್ಯವನ್ನೇ ಕತ್ತರಿಸಿದರೆ ನಾಟಕಕ್ಕೆ ತಲೆಯಿಲ್ಲ. ವಿಡಿಯೋ ತೆಗೆದವನ ಜೊತೆ ಕೂತು ನೋಡಿದೆ. ಎರಡು ಕ್ಯಾಮೆರಾ ಇಟ್ಟಿದ್ದ. ಒಂದರಲ್ಲಿ ಇಡೀ ವೇದಿಕೆ, ಇನ್ನೊಂದರಲ್ಲಿ ಅಕ್ಕನ ಮುಖ ಮಾತ್ರ, ಹತ್ತಿರದಿಂದ. ಆ ದೃಶ್ಯಕ್ಕೆಲ್ಲ ಎರಡನೆಯದನ್ನೇ ಹಾಕಲು ಹೇಳಿದೆ. ಈಗ ಅಲ್ಲಿ ಬೇರೆ ಯಾರ ಮುಖವೂ ಇಲ್ಲ. ಅಕ್ಕ ನಗುತ್ತ ಕೂತಿರುತ್ತಾರೆ. ಎರಡೂ ಬದಿಯಿಂದ ಕೈಗಳು ಬರುತ್ತವೆ, ಪೇಟ ತೊಡಿಸುತ್ತವೆ, ಹಾರ ಹಾಕುತ್ತವೆ, ಶಾಲು ಹೊದಿಸುತ್ತವೆ, ಹೋಗುತ್ತವೆ. ಚಪ್ಪಾಳೆಯ ಸದ್ದು ಪೂರ್ತಿ ಇದೆ. ಅದನ್ನು ತೆಗೆಯಿರಿ ಎಂದು ಯಾರೂ ಕೇಳಿರಲಿಲ್ಲ.

ಸಂಘದ ಗ್ರೂಪಿನಲ್ಲಿ ವಿಡಿಯೋ ಹಾಕಿದ ಸಂಜೆ ನಾನು ಅಕ್ಕನ ಮನೆಯಲ್ಲಿದ್ದೆ. ಹುಡುಗನ ತಾಯಿಯ ಫೋನ್ ಬಂತು. ಒಂದು ಮಗು ಸೊಂಟದ ಮೇಲಿದ್ದರಿಂದ ಅಕ್ಕ ಸ್ಪೀಕರ್ ಹಾಕಿದರು.

"ಮುಖ ಇಲ್ಲ, ಸರಿ. ಆದ್ರೆ ಶಾಲು ಹೊದಿಸುವಲ್ಲಿ ನನ್ನ ಬಳೆ ಕಾಣ್ತದಲ್ಲ. ನೋಡಿದವರಿಗೆ ಗೊತ್ತಾಗ್ತದೆ. ಅದನ್ನೂ ತೆಗೀಲಿಕ್ಕೆ ಹೇಳಿ ಟೀಚರಿಗೆ."

ಅಕ್ಕ ನನ್ನ ಮುಖ ನೋಡಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು.

"ಬಳೆ ಇರ್ಲಿ ಬಿಡಿ. ನಾನು ಮುಖವನ್ನೇ ಕೊಟ್ಟಿದ್ದೇನೆ."

ಕಟ್ ಆಯಿತೋ ಎಂದು ಅಕ್ಕ ಫೋನ್ ಕಡೆ ಬಗ್ಗಿದರು. ಆಮೇಲೆ, ನಿಶ್ಚಿತಾರ್ಥಕ್ಕೆ ಯಾವ ಹಾಲ್ ನೋಡುವುದು ಎಂದು ಹುಡುಗನ ತಾಯಿ ಕೇಳಿದರು.